ಪ್ಲೇಗ್ ಬಂದರೂ ಊರು ಬಿಡದವರ ಊರು: ಈಮ್ ಹಳ್ಳಿಯನ್ನು ಒಂದು ದಿನದಲ್ಲಿ ನಡೆದು ನೋಡುವುದು ಹೇಗೆ

ನಮ್ಮ ಕಡೆಯ ಹಳೆಯ ಪ್ಲೇಗ್ ಕಥೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: 'ಇಲಿ ಬಿತ್ತು, ಊರು ಬಿಟ್ಟರು.' ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಪಾತ್ರೆ ಪಗಡ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಲೂ ಪೇಟೆಯ ಜನ ಹೊರಗೆ ಓಡಿದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದ ಬೆನ್ನಿಗೇ. ಊರು ಬಿಡುವುದೇ ಜಾಣತನ ಅಂತ ನಮಗೆಲ್ಲ ಗೊತ್ತು.

ಇಂಗ್ಲೆಂಡಿನ ಡರ್ಬಿಶೈರ್‌ನ ಒಂದು ಸಣ್ಣ ಹಳ್ಳಿ ಇದಕ್ಕೆ ಪೂರ್ತಿ ಉಲ್ಟಾ ಮಾಡಿತು. 1666ರ ಬೇಸಿಗೆಯಲ್ಲಿ ಪ್ಲೇಗ್ ಊರನ್ನು ತಿನ್ನುತ್ತಿರುವಾಗ, ಊರಿನವರೇ ತಮ್ಮ ಸುತ್ತ ಗಡಿ ಹಾಕಿಕೊಂಡು ಒಳಗೆ ಕೂತರು. ರೋಗ ಅಕ್ಕಪಕ್ಕದ ಊರುಗಳಿಗೆ ಹರಡದಿರಲಿ ಅಂತ. 14 ತಿಂಗಳಲ್ಲಿ ಸುಮಾರು 260 ಜನ ಸತ್ತರು. ಆ ಹಳ್ಳಿಯ ಹೆಸರು ಈಮ್.

ಇಂಗ್ಲೆಂಡಿನಲ್ಲಿರುವ ನಮ್ಮವರು, ಅಲ್ಲಿಗೆ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಲಂಡನ್, ಎಡಿನ್‌ಬರೋ, ಒಂದಿಷ್ಟು ಕೋಟೆ ನೋಡಿ ವಾಪಸ್ ಬರುತ್ತಾರೆ. ಒಂದು ದಿನ ಈ ಹಳ್ಳಿಗೂ ಕೊಡಿ. ಆದರೆ ಸುಮ್ನೆ ಹೋಗಿ ಫೋಟೋ ತೆಗೆದರೆ ಇಲ್ಲಿ ಏನೂ ಸಿಗುವುದಿಲ್ಲ. ಕಲ್ಲಿನ ಮನೆಗಳು, ಹೂವಿನ ಕುಂಡಗಳು, ಒಂದು ಚರ್ಚ್, ಅಷ್ಟೇ. ಈಮ್ ಅನ್ನು ಕಥೆ ನಡೆದ ಕ್ರಮದಲ್ಲೇ ನಡೆದು ನೋಡಬೇಕು. ಊರ ನಡುವಿನಿಂದ ಶುರು ಮಾಡಿ ಗಡಿಯ ಕಡೆಗೆ. ಅದಕ್ಕೇ ಈ ಮಾರ್ಗದರ್ಶಿ.

ಹೊರಡುವ ಮುಂಚೆ

ಮೊದಲು ಹೆಸರು ಸರಿಯಾಗಿ ಹೇಳಲು ಕಲಿಯಿರಿ. ಇಂಗ್ಲಿಷ್ ಅಕ್ಷರ ನೋಡಿದರೆ 'ಎಯಾಮ್' ಅನ್ನಬೇಕು ಅನಿಸುತ್ತದೆ. ನಾನು ಬಸ್ ಡ್ರೈವರ್ ಹತ್ತಿರ ಹಾಗೇ ಕೇಳಿದೆ. ಅವರು ಎರಡು ಸಲ 'ಏನು?' ಅಂದರು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು 'ಈಮ್' ಅಂತ ತಿದ್ದಿದರು. 'ಟೀಮ್'ನಲ್ಲಿ ಟ ತೆಗೆದರೆ ಉಳಿಯುವುದೇ ಈ ಊರಿನ ಹೆಸರು.

ಯಾವ ತಿಂಗಳು? ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ, ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಸೋಮವಾರ ಬೇಡ, ಅದು ಮ್ಯೂಸಿಯಂ ರಜೆಯ ದಿನ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಆಗಸ್ಟ್ ಕೊನೆಯ ವಾರ ಹೋಗಿ. ಆಗಸ್ಟ್‌ನ ಕೊನೆಯ ಭಾನುವಾರ 'ಪ್ಲೇಗ್ ಸಂಡೆ', ಸತ್ತವರ ನೆನಪಿನ ಪ್ರಾರ್ಥನೆ. ಅದೇ ಹೊತ್ತಿಗೆ ಊರಿನ ಬಾವಿ, ನಲ್ಲಿಗಳ ಮುಂದೆ ಹೂವಿನ ಅಲಂಕಾರ ಇರುತ್ತದೆ. ಮರದ ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಕಾಳು ಒತ್ತಿ ಇಡೀ ಚಿತ್ರ ಬಿಡಿಸುತ್ತಾರೆ. ಇದು ಡರ್ಬಿಶೈರ್‌ನ ಹಳೆಯ ಪದ್ಧತಿ. ಹಬ್ಬದ ದಿನ ಬಾಗಿಲ ಮುಂದೆ ಹೂವಿನ ರಂಗೋಲಿ ಹಾಕುವವರಿಗೆ ಇದರ ಹಿಂದಿನ ಶ್ರಮ ಬೇಗ ಅರ್ಥವಾಗುತ್ತದೆ.

ಕಾಲಿಗೆ ಗಟ್ಟಿ ಶೂ, ಬ್ಯಾಗಿನಲ್ಲಿ ಮಳೆ ಕೋಟು. ಸೀರೆ ಉಡುವವರು ಅವತ್ತೊಂದು ದಿನ ಪ್ಯಾಂಟ್ ಹಾಕಿಕೊಂಡರೆ ಒಳ್ಳೆಯದು. ದಾರಿಯಲ್ಲಿ ಹೊಲಗಳ ಬೇಲಿ ದಾಟಬೇಕಾಗುತ್ತದೆ, ಕೆಸರೂ ಇರುತ್ತದೆ.

ಹೋಗುವುದು ಹೇಗೆ

ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಶೆಫೀಲ್ಡ್‌ಗೆ ರೈಲಿನಲ್ಲಿ ಎರಡು ಗಂಟೆ, ಸ್ವಲ್ಪ ಹೆಚ್ಚು. ಅಲ್ಲಿಂದ ಈಮ್ ಮೂಲಕ ಹೋಗುವ ಬಸ್ ಇದೆ, ಸುಮಾರು ಮುಕ್ಕಾಲು ಗಂಟೆ. ಬಸ್ ಕಡಿಮೆ, ಭಾನುವಾರ ಇನ್ನೂ ಕಡಿಮೆ. ವಾಪಸ್ ಬರುವ ಕೊನೆಯ ಬಸ್ ಎಷ್ಟಕ್ಕೆ ಅಂತ ಬೆಳಗ್ಗೆಯೇ ನೋಡಿ ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಗುಡ್ಡಗಳ ನಡುವೆ ನೆಟ್‌ವರ್ಕ್ ನಂಬಬೇಡಿ.

ಮ್ಯಾಂಚೆಸ್ಟರ್ ಕಡೆಯಿಂದ ಬರುವವರು ಶೆಫೀಲ್ಡ್ ರೈಲು ಹತ್ತಿ ಗ್ರಿಂಡ್ಲ್‌ಫರ್ಡ್‌ನಲ್ಲಿ ಇಳಿಯಬಹುದು. ಅಲ್ಲಿಂದ ಸುಮಾರು ಐದು ಕಿಲೋಮೀಟರ್ ನಡಿಗೆ, ಹೆಚ್ಚಿನದು ಏರು. ನಡೆಯುವ ಅಭ್ಯಾಸ ಇದ್ದವರಿಗೆ ಇದು ಖುಷಿ ಕೊಡುವ ದಾರಿ. ವಯಸ್ಸಾದವರ ಜೊತೆ ಬೇಡ. ಕಾರಿದ್ದರೆ ಚಿಂತೆಯೇ ಇಲ್ಲ. ಊರಿನ ಮುಖ್ಯ ಪಾರ್ಕಿಂಗ್ ಮ್ಯೂಸಿಯಂ ಎದುರಿಗೇ ಇದೆ.

ಮೊದಲ ಹೆಜ್ಜೆ: ಮ್ಯೂಸಿಯಂ

ಎಲ್ಲಕ್ಕಿಂತ ಮೊದಲು ಹಾಕ್‌ಹಿಲ್ ರಸ್ತೆಯ ಮ್ಯೂಸಿಯಂ ನೋಡಿ. ಹಳೆಯ ಮೆಥಡಿಸ್ಟ್ ಪ್ರಾರ್ಥನಾ ಮಂದಿರದಲ್ಲಿ 1994ರಲ್ಲಿ ತೆರೆದದ್ದು. ಚಿಕ್ಕದು, ಒಂದು ಗಂಟೆ ಸಾಕು. ಮೇಲೆ ಗಾಳಿ ದಿಕ್ಕು ತೋರಿಸುವ ಬಾಣದ ಜಾಗದಲ್ಲಿ ಇಲಿ ಇದೆ, ಒಳಗೆ ಹೋಗುವ ಮುಂಚೆ ತಲೆ ಎತ್ತಿ ನೋಡಿ.

ಇಲ್ಲಿ ತಲೆಯಲ್ಲಿ ತುಂಬಿಕೊಳ್ಳಬೇಕಾದ ಕಥೆ ಇಷ್ಟು. ಈಮ್ ಆಗ ರೈತರ ಮತ್ತು ಸೀಸದ ಗಣಿ ಕೆಲಸಗಾರರ ಊರು. 1665ರಲ್ಲಿ ಲಂಡನ್‌ನಲ್ಲಿ ಪ್ಲೇಗ್ ಕೊಲ್ಲುತ್ತಿತ್ತು. ಆ ವರ್ಷ ಅಲ್ಲಿಂದ ಈಮ್‌ನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಪೆಟ್ಟಿಗೆ ಬಂತು. ಬಟ್ಟೆ ಒದ್ದೆಯಾಗಿತ್ತು. ಮನೆಯಲ್ಲಿದ್ದ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಒಣಗಲು ಹರಡಿದ. ಬಟ್ಟೆಯೊಳಗಿದ್ದ, ಪ್ಲೇಗ್ ಹರಡುವ ಚಿಗಟಗಳಿಗೆ ಬೆಚ್ಚಗಾಯಿತು. 1665ರ ಸೆಪ್ಟೆಂಬರ್ 7ರಂದು ವಿಕರ್ಸ್‌ನನ್ನು ಮಣ್ಣು ಮಾಡಿದರು.

ಚಳಿಗಾಲದಲ್ಲಿ ಸಾವು ಕಡಿಮೆಯಾಯಿತು. ಬಂದದ್ದು ಹೋಯಿತು ಅಂತ ಜನ ಉಸಿರು ಬಿಟ್ಟಿರಬೇಕು. ಜೂನ್ ಬರುತ್ತಿದ್ದಂತೆ ಮತ್ತೆ ಏರಿತು. ಆಗ ಊರಿನಲ್ಲಿ ಇಬ್ಬರು ಪಾದ್ರಿಗಳಿದ್ದರು. ಒಬ್ಬರು ವಿಲಿಯಂ ಮಾಂಪೆಸನ್, ಇಪ್ಪತ್ತೆಂಟು ವರ್ಷದ ಹೊಸಬರು, ರಾಜನ ಕಡೆಯ ಚರ್ಚಿನವರು. ಇನ್ನೊಬ್ಬರು ಥಾಮಸ್ ಸ್ಟ್ಯಾನ್ಲಿ, ಹಳಬರು, ಪ್ಯೂರಿಟನ್, ಅಂದರೆ ರಾಜನ ಚರ್ಚಿನ ಆಡಂಬರ ಒಪ್ಪದ ಪಂಥದವರು. ಎಲ್ಲ ಪಾದ್ರಿಗಳೂ ರಾಜನ ಚರ್ಚಿನ ಪ್ರಾರ್ಥನಾ ಕ್ರಮವನ್ನೇ ಒಪ್ಪಬೇಕು ಅನ್ನುವ 1662ರ ಹೊಸ ಕಾಯಿದೆಗೆ ತಲೆಬಾಗದೆ ಹುದ್ದೆ ಕಳೆದುಕೊಂಡವರು. ಊರಿನವರಿಗೆ ಹೊಸ ಪಾದ್ರಿಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಒಬ್ಬರನ್ನೊಬ್ಬರು ಕಂಡರಾಗದ ಸ್ಥಿತಿಯಲ್ಲಿರಬೇಕಿದ್ದ ಈ ಇಬ್ಬರು ಒಟ್ಟಿಗೆ ಜನರ ಮುಂದೆ ನಿಂತರು. ಮೂರು ತೀರ್ಮಾನ ಆಯಿತು. ಸತ್ತವರನ್ನು ಚರ್ಚಿಗೆ ತರುವಂತಿಲ್ಲ, ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕು. ಚರ್ಚ್ ಮುಚ್ಚಿ ಪ್ರಾರ್ಥನೆ ಬಯಲಲ್ಲಿ ನಡೆಸಬೇಕು. ಊರಿನಿಂದ ಯಾರೂ ಹೊರಗೆ ಹೋಗುವಂತಿಲ್ಲ. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್‌ನ ಅರ್ಲ್ ಊಟದ ಸಾಮಾನು ಕಳಿಸಲು ಒಪ್ಪಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲರೂ ಒಳಗೇ ಉಳಿದರು ಅನ್ನುವುದು ಪೂರ್ತಿ ನಿಜ ಅಲ್ಲ. ಅನುಕೂಲ ಇದ್ದ ಕೆಲವರು ಮೊದಲೇ ಹೋಗಿದ್ದರು. ಮಾಂಪೆಸನ್ ತಮ್ಮ ಇಬ್ಬರು ಮಕ್ಕಳನ್ನು ಯಾರ್ಕ್‌ಶೈರ್‌ಗೆ ಕಳಿಸಿದ್ದರು. ಉಳಿದವರಲ್ಲಿ ಹೆಚ್ಚಿನವರಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ. ತ್ಯಾಗದ ಕಥೆಗೆ ಮುಂದಿನ ಶತಮಾನಗಳಲ್ಲಿ ಬಣ್ಣ ಹಚ್ಚಿದ್ದಾರೆ ಅಂತ ವಾದಿಸುವ ಇತಿಹಾಸಕಾರರೂ ಇದ್ದಾರೆ. ಗಡಿ ಹಾಕಿದ್ದು ಒಳಗಿನವರ ಸಾವನ್ನು ಹೆಚ್ಚಿಸಿತೋ ಏನೋ ಅನ್ನುವ ಪ್ರಶ್ನೆಯೂ ಇದೆ. 2016ರಲ್ಲಿ ಸಾವಿನ ದಾಖಲೆಗಳನ್ನು ಲೆಕ್ಕ ಹಾಕಿ ನೋಡಿದ ಸಂಶೋಧಕರ ಪ್ರಕಾರ, ಈಮ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಸೋಂಕು ಇಲಿಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೆ ದಾಟಿದ್ದು. ಅಂದರೆ ಹೆಚ್ಚಾಗಿ ಒಂದೇ ಮನೆಯೊಳಗೆ. ಇದನ್ನೆಲ್ಲ ಗೊತ್ತಿಟ್ಟುಕೊಂಡು ನೋಡಿದರೂ ಊರಿನ ತೂಕ ಕಡಿಮೆಯಾಗುವುದಿಲ್ಲ.

ಎರಡನೇ ಹೆಜ್ಜೆ: ಪ್ಲೇಗ್ ಮನೆಗಳು

ಮ್ಯೂಸಿಯಂನಿಂದ ಇಳಿದು ಚರ್ಚ್ ಸ್ಟ್ರೀಟ್ ಹಿಡಿದು ಎಡಕ್ಕೆ, ಚರ್ಚಿನ ಕಡೆಗೆ ಬನ್ನಿ. ಚರ್ಚಿಗೆ ಸ್ವಲ್ಪ ಮುಂಚೆ ಸಾಲಾಗಿ ಕಲ್ಲಿನ ಮನೆಗಳು. ಒಂದೊಂದರ ಮುಂದೆ ಹಸಿರು ಫಲಕ. ಅವನ್ನು ನಿಧಾನವಾಗಿ ಓದಿ. ಇಡೀ ದಿನದಲ್ಲಿ ಮನಸ್ಸು ಕಲಕುವ ಓದು ಇದೇ.

ವಿಕರ್ಸ್ ಇದ್ದ ಮನೆ ಮೇರಿ ಎಂಬುವವರದು. ಅವರ ಮೊದಲ ಗಂಡ ಕೂಪರ್ ಮನೆತನದವನು, ಆಮೇಲೆ ದರ್ಜಿ ಹ್ಯಾಡ್‌ಫೀಲ್ಡ್‌ನನ್ನು ಮದುವೆಯಾಗಿದ್ದರು. ವಿಕರ್ಸ್ ಸತ್ತ ಎರಡು ವಾರಕ್ಕೆ ಮೇರಿಯ ಮಗ ಎಡ್ವರ್ಡ್, ಆಮೇಲೆ ಇನ್ನೊಬ್ಬ ಮಗ ಜೊನಾಥನ್, ಕಡೆಗೆ ಗಂಡ. ಮೇರಿ ಬದುಕಿದರು. ಬಂಧು ಬಳಗದಲ್ಲಿ ಹದಿಮೂರು ಜನರನ್ನು ಕಳೆದುಕೊಂಡು ಬದುಕಿದರು. ಪಕ್ಕದ ರೋಸ್ ಕಾಟೇಜ್‌ನಲ್ಲಿ ಥಾರ್ಪ್ ಕುಟುಂಬದ ಒಂಬತ್ತು ಜನರೂ ಹೋದರು.

ಎದುರಿನ ಮನೆ ಸಿಡಲ್ ಕುಟುಂಬದ್ದು. ಆ ಮನೆಯ ಎಮಟ್ ಎಂಬ ಹುಡುಗಿಗೆ ಪಕ್ಕದ ಸ್ಟೋನಿ ಮಿಡ್ಲ್‌ಟನ್‌ನ ರೋಲಂಡ್ ಜೊತೆ ಮದುವೆ ಗೊತ್ತಾಗಿತ್ತು. ರೋಗ ಬಂದ ಮೇಲೆ ಇಬ್ಬರೂ ಊರ ಹೊರಗಿನ ಕಣಿವೆಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರಂತೆ. 1666ರ ಏಪ್ರಿಲ್ ಕೊನೆಗೆ ಎಮಟ್ ಬರುವುದು ನಿಂತಿತು. ರೋಲಂಡ್ ತಿಂಗಳುಗಟ್ಟಲೆ ಬಂದು ನಿಲ್ಲುತ್ತಿದ್ದ. ಊರು ತೆರೆದಾಗ ಮೊದಲು ಒಳಗೆ ಬಂದವನು ಅವನೇ ಅಂತ ಊರಿನವರು ಹೇಳುತ್ತಾರೆ.

ಇಲ್ಲೊಂದು ಎಚ್ಚರಿಕೆ. ಈ ಮನೆಗಳಲ್ಲಿ ಇವತ್ತೂ ಜನ ವಾಸವಾಗಿದ್ದಾರೆ. ಕಿಟಕಿಗೆ ಮುಖ ಒತ್ತಿ ಒಳಗೆ ಇಣುಕಬೇಡಿ, ಗೇಟು ತೆಗೆದು ಒಳಗೆ ಹೋಗಬೇಡಿ. ಯಾರೋ ಒಳಗೆ ಕಾಫಿ ಕುಡಿಯುತ್ತಾ ಕೂತಿರುತ್ತಾರೆ ಪಾಪ.

ಮೂರನೇ ಹೆಜ್ಜೆ: ಚರ್ಚ್ ಮತ್ತು ಅದರ ಅಂಗಳ

ಸೇಂಟ್ ಲಾರೆನ್ಸ್ ಚರ್ಚಿಗೆ ಕನಿಷ್ಠ ಒಂದು ಗಂಟೆ ಇಡಿ. ಒಳಗೆ ಸತ್ತವರ ಹೆಸರುಗಳ ಪಟ್ಟಿ ಇದೆ. ದಿನಾಂಕಗಳ ಮೇಲೆ ಬೆರಳಾಡಿಸುತ್ತಾ ಹೋಗಿ. ಮೊದಲು ವಾರಕ್ಕೊಂದು ಹೆಸರು, ಆಗಸ್ಟ್ 1666ಕ್ಕೆ ಬರುವಷ್ಟರಲ್ಲಿ ಒಂದೇ ದಿನ ಹಲವು. ಆ ಒಂದೇ ತಿಂಗಳು 70ಕ್ಕೂ ಹೆಚ್ಚು ಜನ. ಒಂದೇ ಮನೆಯ ಹೆಸರು ಸಾಲಾಗಿ ಬರುವುದನ್ನು ಗಮನಿಸಿ. 1985ರಲ್ಲಿ ಕೂರಿಸಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಈ ಕಥೆಯೆಲ್ಲ ಚಿತ್ರವಾಗಿದೆ. ಬೆಳಕಿರುವ ಹೊತ್ತಿನಲ್ಲಿ ನೋಡಿದರೆ ಚೆಂದ.

ಹೊರಗೆ ಅಂಗಳದಲ್ಲಿ ಎತ್ತರದ ಕಲ್ಲಿನ ಶಿಲುಬೆ. ಇದು 8ನೇ ಶತಮಾನದ್ದು, ಪ್ಲೇಗ್‌ಗಿಂತ ಸುಮಾರು ಒಂಬೈನೂರು ವರ್ಷ ಹಳೆಯದು. ಕಂಬದ ಒಂದು ತುಂಡು ಕಳೆದುಹೋಗಿದ್ದರಿಂದ ತಲೆ ದೊಡ್ಡದಾಗಿ, ಮೈ ಗಿಡ್ಡವಾಗಿ ಕಾಣುತ್ತದೆ. ಮೇಲಿನ ಬಳ್ಳಿ, ದೇವದೂತರ ಕೆತ್ತನೆ ಇನ್ನೂ ಸ್ಪಷ್ಟ. ಹತ್ತಿರದಲ್ಲೇ ಪೆಟ್ಟಿಗೆಯಂಥ ಒಂದು ಸಮಾಧಿ. ಅದು ಪಾದ್ರಿ ಮಾಂಪೆಸನ್ ಹೆಂಡತಿ ಕ್ಯಾಥರೀನ್ ಅವರದು. ಮಕ್ಕಳನ್ನು ಕಳಿಸಿ ಗಂಡನ ಜೊತೆ ಉಳಿದರು, ರೋಗಿಗಳನ್ನು ನೋಡಿಕೊಂಡರು, 1666ರ ಆಗಸ್ಟ್ 25ರಂದು ತೀರಿಕೊಂಡರು. ವಯಸ್ಸು ಇಪ್ಪತ್ತೇಳು. ಸಾಯುವ ಸ್ವಲ್ಪ ದಿನ ಮುಂಚೆ ಗಂಡನ ಜೊತೆ ನಡೆಯುವಾಗ 'ಗಾಳಿ ಎಷ್ಟು ಘಮ ಅಂತಿದೆ' ಅಂದರಂತೆ. ಸಿಹಿ ವಾಸನೆ ಬಂದರೆ ಪ್ಲೇಗ್ ಹಿಡಿಯಿತು ಅಂತ ಆಗಿನವರ ನಂಬಿಕೆ. ಮಾಂಪೆಸನ್‌ಗೆ ಆಗಲೇ ಗೊತ್ತಾಗಿಹೋಯಿತು ಅನ್ನುತ್ತಾರೆ. ಪ್ಲೇಗ್ ಸಂಡೆಯಂದು ಈ ಸಮಾಧಿಗೆ ಹೂವಿನ ಮಾಲೆ ಇಡುತ್ತಾರೆ.

ಗೋಡೆಯ ಮೇಲೆ 1775ರ ನೆರಳು ಗಡಿಯಾರ ಇದೆ. ಈಮ್‌ನ ಹೊತ್ತು ಮಾತ್ರವಲ್ಲ, ದೂರ ದೂರದ ಊರುಗಳಲ್ಲಿ ಎಷ್ಟು ಹೊತ್ತು ಅನ್ನುವುದನ್ನೂ ಅದರಿಂದ ಲೆಕ್ಕ ಹಾಕಬಹುದು. ಬಿಸಿಲಿದ್ದರೆ ಮಾತ್ರ ಅನ್ನಿ. ಇಂಗ್ಲೆಂಡಿನಲ್ಲಿ ಅದೇ ದೊಡ್ಡ ಷರತ್ತು.

ಕ್ರಿಕೆಟ್ ಹುಚ್ಚಿನವರು ಹ್ಯಾರಿ ಬ್ಯಾಗ್‌ಶಾ ಸಮಾಧಿ ಹುಡುಕಿ. 1927ರಲ್ಲಿ ತೀರಿಕೊಂಡ ಡರ್ಬಿಶೈರ್ ಆಟಗಾರ. ಕಲ್ಲಿನ ಮೇಲೆ ಚೆಂಡು ಬಡಿದು ಚದುರಿದ ವಿಕೆಟ್ ಕೆತ್ತಿದ್ದಾರೆ. ಮೇಲೆ ಅಂಪೈರ್ ಬೆರಳು ಎತ್ತಿದೆ. ಔಟ್! ಇಷ್ಟು ಸಾವು ನೋಡಿದ ಮೇಲೆ ಇಲ್ಲಿ ನಗು ಬಂದರೆ ತಪ್ಪೇನಿಲ್ಲ.

ಊಟದ ಹೊತ್ತು

ಮುಂದೆ ನಡೆದು ಹೋಗುವ ಜಾಗಗಳು ಇರುವುದರಿಂದ ಇಲ್ಲೇ ಹೊಟ್ಟೆಗೆ ಹಾಕಿಕೊಳ್ಳಿ. ಟೀ ಅಂಗಡಿಯಲ್ಲಿ ಸ್ಕೋನ್, ಬೆಣ್ಣೆ, ಜಾಮ್ ಸಿಗುತ್ತದೆ. ಸಸ್ಯಾಹಾರಿಗಳಿಗೆ ಸಾಮಾನ್ಯವಾಗಿ ಸುಟ್ಟ ಆಲೂಗಡ್ಡೆ, ಚೀಸ್ ಸ್ಯಾಂಡ್‌ವಿಚ್ ಇದ್ದೇ ಇರುತ್ತದೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ ಊರ ನಡುವಿನ ಹುಲ್ಲುಹಾಸಿನ ಹತ್ತಿರ ಕೂತು ತಿನ್ನುವುದಾದರೆ ಇನ್ನೂ ಒಳ್ಳೆಯದು, ನಾವು ಹಾಗೇ ಮಾಡಿದೆವು. ಅಲ್ಲಿಯೇ ಕಾಲು ಸಿಕ್ಕಿಸುವ ಹಳೆಯ ಮರದ ಕೋಳ ಇದೆ. ತಪ್ಪು ಮಾಡಿದ ಗಣಿ ಕೆಲಸಗಾರರನ್ನು ಅದರಲ್ಲಿ ಕೂರಿಸುತ್ತಿದ್ದರು. ಎದುರಿನ ಈಮ್ ಹಾಲ್ ಪ್ಲೇಗ್ ಮುಗಿದ ಐದಾರು ವರ್ಷಕ್ಕೆ ರೈಟ್ ಕುಟುಂಬದವರು ಕಟ್ಟಿಸಿದ ದೊಡ್ಡ ಮನೆ. ಹೊರಗಿನಿಂದ ನೋಡಿದರೆ ಸಾಕು.

ನಾಲ್ಕನೇ ಹೆಜ್ಜೆ: ಗಡಿ ಕಲ್ಲು

ಊರಿನ ಚೌಕದಿಂದ ಲಿಡ್‌ಗೇಟ್ ಎಂಬ ಓಣಿ ಹಿಡಿಯಿರಿ. ಸ್ವಲ್ಪ ದೂರದಲ್ಲೇ ಗೋಡೆಯ ಪಕ್ಕ ಎರಡು ಸಮಾಧಿ ಕಲ್ಲು: ಜಾರ್ಜ್ ಡಾರ್ಬಿ, ಅವರ ಮಗಳು ಮೇರಿ. ಅಪ್ಪ ಜುಲೈನಲ್ಲಿ, ಮಗಳು ಸೆಪ್ಟೆಂಬರ್‌ನಲ್ಲಿ. ಮನೆಯವರನ್ನು ಮನೆಯವರೇ ಹೂಳಬೇಕು ಅಂದರೆ ಏನು ಅಂತ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಮುಂದೆ ಹೊಲಗಳ ನಡುವಿನ ಕಾಲುದಾರಿ. ಹದಿನೈದು ಇಪ್ಪತ್ತು ನಿಮಿಷ. ದಾರಿಯಲ್ಲಿ ಕುರಿ, ದನ ಸಿಗುತ್ತವೆ. ತೆಗೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ. ಇಳಿಜಾರು ಶುರುವಾಗುವ ಮುಂಚೆ ಹುಲ್ಲಿನಲ್ಲಿ ಒಂದು ಬಂಡೆ ಕಾಣುತ್ತದೆ, ಮೇಲೆ ಆರು ಗುಳಿ. ನೋಡಲು ದೊಡ್ಡದೇನಲ್ಲ. ಗೊತ್ತಿಲ್ಲದವರು ಅದರ ಮೇಲೆ ಕೂತು ಶೂ ಲೇಸ್ ಕಟ್ಟಿಕೊಂಡು ಹೋಗಿಬಿಡುತ್ತಾರೆ.

ಈಮ್‌ನವರು ಇಲ್ಲಿಯವರೆಗೆ ಮಾತ್ರ ಬರುತ್ತಿದ್ದರು. ಕೆಳಗಿನ ಸ್ಟೋನಿ ಮಿಡ್ಲ್‌ಟನ್‌ನವರು ರೊಟ್ಟಿ, ಮಾಂಸ ತಂದಿಟ್ಟು ಹೋಗುತ್ತಿದ್ದರು. ಈಮ್‌ನವರು ಗುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ಕಾಸು ಹಾಕಿಡುತ್ತಿದ್ದರು. ವಿನೆಗರ್‌ನಲ್ಲಿ ಮುಳುಗಿದರೆ ಕಾಸಿಗೆ ಅಂಟಿದ ರೋಗ ಹೋಗುತ್ತದೆ ಅನ್ನುವ ನಂಬಿಕೆ. ಪ್ಲೇಗ್‌ನ ಕ್ರಿಮಿ ಯಾವುದು ಅಂತ ಗೊತ್ತಾದದ್ದು 1894ರಲ್ಲಿ. ಅದಕ್ಕೆ ಇನ್ನೂರು ವರ್ಷ ಮುಂಚೆಯೇ ಈ ರೈತರಿಗೆ ಮುಟ್ಟಿದ್ದರಿಂದ ರೋಗ ಹರಡಬಹುದು ಅನ್ನುವ ಅಂದಾಜು ಇತ್ತು, ನೋಡಿ. ಕೊರೊನಾ ಸಮಯದಲ್ಲಿ ಹಾಲಿನ ಪ್ಯಾಕೆಟ್ ತೊಳೆದು ಒಳಗೆ ತಂದ ನಮಗೆ ಇದನ್ನು ನೋಡಿ ನಗಲು ಆಗುವುದಿಲ್ಲ.

ಈಗಲೂ ಗುಳಿಗಳಲ್ಲಿ ಕಾಸು ಬಿದ್ದಿರುತ್ತದೆ, ಬಂದವರು ಹಾಕಿ ಹೋಗುತ್ತಾರೆ. ಬಂಡೆಯ ಹತ್ತಿರ ನಿಂತು ಎರಡೂ ಕಡೆ ನೋಡಿ. ಹಿಂದೆ ಈಮ್, ಮುಂದೆ ಕೆಳಗೆ ಇನ್ನೊಂದು ಊರು. ಬೇಲಿ ಇಲ್ಲ, ಗೋಡೆ ಇಲ್ಲ. ಹತ್ತು ನಿಮಿಷ ಇಳಿದರೆ ಆ ಕಡೆ ತಲುಪಬಹುದಿತ್ತು.

ಐದನೇ ಹೆಜ್ಜೆ: ರೈಲಿ ಸಮಾಧಿಗಳು

ವಾಪಸ್ ಊರಿಗೆ ಬಂದು ಪೂರ್ವಕ್ಕೆ, ಗ್ರಿಂಡ್ಲ್‌ಫರ್ಡ್ ಕಡೆಯ ದಾರಿಯಲ್ಲಿ ಹೋದರೆ ಎಡಕ್ಕೆ ಏರುವ ಓಣಿ ಸಿಗುತ್ತದೆ. ಇಪ್ಪತ್ತು ನಿಮಿಷದ ನಡಿಗೆ. ಹೊಲದ ನಡುವೆ ದುಂಡಗಿನ ಕಲ್ಲಿನ ಗೋಡೆ, ಒಳಗೆ ಏಳು ಸಮಾಧಿ. ಈಗ ಹಳೆಯ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಇದು ಹ್ಯಾಂಕಾಕ್ ಕುಟುಂಬದ ಜಾಗ. 1666ರ ಆಗಸ್ಟ್‌ನಲ್ಲಿ, ಎಂಟು ದಿನದೊಳಗೆ, ಎಲಿಜಬೆತ್ ಹ್ಯಾಂಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿಗೆ ತಂದು ಹೂತರು. ಒಬ್ಬರೇ. ಹೆಣಕ್ಕೆ ಬಟ್ಟೆ ಕಟ್ಟಿ ಎಳೆದುಕೊಂಡು ಬರುತ್ತಿದ್ದರಂತೆ. ಸ್ಟೋನಿ ಮಿಡ್ಲ್‌ಟನ್‌ನವರು ಗುಡ್ಡದಿಂದ ನೋಡುತ್ತಿದ್ದರು, ಹತ್ತಿರ ಬರಲಿಲ್ಲ. ಎಲಿಜಬೆತ್‌ಗೆ ರೋಗ ತಗಲಲಿಲ್ಲ. ಆಮೇಲೆ ಶೆಫೀಲ್ಡ್‌ನಲ್ಲಿ ಕೆಲಸಕ್ಕಿದ್ದ, ಬದುಕುಳಿದ ಒಬ್ಬನೇ ಮಗನ ಹತ್ತಿರ ಹೋದರು.

ಇಲ್ಲಿ ಬೇರೆ ಏನೂ ಇಲ್ಲ. ಬೋರ್ಡು, ಅಂಗಡಿ, ಗೈಡ್ ಯಾವುದೂ ಬೇಕಾಗಿಲ್ಲ. ಗಾಳಿ ಜೋರಾಗಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಗೋಡೆ ಹತ್ತಿ ಆಡಲು ಬಿಡಬೇಡಿ.

ಇನ್ನೂ ಕಾಲಿನಲ್ಲಿ ಶಕ್ತಿ ಇದ್ದರೆ

ಎರಡು ಜಾಗ ಉಳಿದಿವೆ. ಒಂದು, ಊರಿನ ಉತ್ತರಕ್ಕೆ ಗುಡ್ಡದ ಮೇಲಿರುವ ಮಾಂಪೆಸನ್ ಬಾವಿ. ಆ ಕಡೆಯ ಗಡಿ ಅದು. ಅಲ್ಲಿಯೂ ಸಾಮಾನು ಇಟ್ಟು ಹೋಗುತ್ತಿದ್ದರು, ಕಾಸನ್ನು ನೀರಿನಲ್ಲಿ ತೊಳೆಯುತ್ತಿದ್ದರು. ಒಳ್ಳೆಯ ಏರು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬಾವಿ ಅಂದರೆ ನಮ್ಮ ರಾಟೆ ಬಾವಿ ಥರ ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಕಲ್ಲು ಮುಚ್ಚಿದ ಒಂದು ಸಣ್ಣ ಒರತೆ ಅಷ್ಟೇ. ಕಾರಿದ್ದವರು ಹತ್ತಿರದವರೆಗೆ ಹೋಗಬಹುದು.

ಇನ್ನೊಂದು ಕಕ್ಲೆಟ್ ಡೆಲ್ಫ್, ಸುಣ್ಣಕಲ್ಲಿನ ಕಮಾನುಗಳಿರುವ ಕಣಿವೆ. ಚರ್ಚ್ ಮುಚ್ಚಿದ ಮೇಲೆ ಮಾಂಪೆಸನ್ ಪ್ರಾರ್ಥನೆ ಮಾಡಿಸಿದ್ದು ಇಲ್ಲೇ. ಮನೆಮನೆಯವರು ಬೇರೆ ಬೇರೆ ಗುಂಪಾಗಿ, ದೂರ ದೂರ ನಿಲ್ಲುತ್ತಿದ್ದರು. ಎಮಟ್ ಮತ್ತು ರೋಲಂಡ್ ಭೇಟಿಯಾಗುತ್ತಿದ್ದದ್ದೂ ಇಲ್ಲೇ ಅಂತಾರೆ. ಇದು ಖಾಸಗಿ ಜಾಗ, ಆದ್ದರಿಂದ ಹೋಗಬಹುದೇ ಅಂತ ಬೆಳಗ್ಗೆ ಮ್ಯೂಸಿಯಂನಲ್ಲೇ ಕೇಳಿಕೊಳ್ಳಿ.

ಬಸ್ಸಿಗೆ ಕಾಯುವಾಗ

ಕೊನೆಯ ಸಾವು ಆದದ್ದು 1666ರ ನವೆಂಬರ್ 1ರಂದು. ಅದೇ ತಿಂಗಳು ಮಾಂಪೆಸನ್ ಒಂದು ಪತ್ರದಲ್ಲಿ ಲೆಕ್ಕ ಬರೆದರು: ರೋಗ ಹೊಕ್ಕ ಮನೆಗಳು 76, ಸತ್ತವರು 259. ಸ್ಟ್ಯಾನ್ಲಿ 1670ರಲ್ಲಿ ಈಮ್‌ನಲ್ಲೇ ತೀರಿಕೊಂಡರು. ಮಾಂಪೆಸನ್ ಕೆಲವು ವರ್ಷದ ಮೇಲೆ ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್‌ರಿಂಗ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದರು. ಪ್ಲೇಗ್ ಊರಿನಿಂದ ಬಂದವರು ಅಂತ ಅಲ್ಲಿಯವರು ಮೊದಲು ಊರೊಳಗೆ ಬಿಟ್ಟುಕೊಳ್ಳಲಿಲ್ಲ. ಸ್ವಲ್ಪ ಕಾಲ ಊರ ಹೊರಗಿನ ಒಂದು ಗುಡಿಸಲಿನಲ್ಲಿ ಇರಬೇಕಾಯಿತು.